ಓದುಗರ ಪ್ರಶ್ನೆ, ನಮ್ಮ ಉತ್ತರ: ಘಟ್ಟದ ಹಳೇ ದಾರಿ, ಹಳೇ ನಕ್ಷೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷ್ಯದ ಮೇಲೆ, ಕಾಡೊಳಗೆ ಜನ ಬಿಟ್ಟುಬಿಟ್ಟ ಹಳೇ ರಸ್ತೆಗಳ ಮೇಲೆ. ಹಾಗಾಗಿ ಉಳಿದ ಪ್ರಶ್ನೆ ಎಲ್ಲ ಮುಂದಿನ ಸಂಚಿಕೆಗೆ ಇಟ್ಕೊಂಡು ಇವತ್ತು ಇದನ್ನೇ ತಗೊಂಡಿದೀನಿ.

ಪ್ರಶ್ನೆ: ನಮ್ಮಜ್ಜ ಶಿರಸಿಯಿಂದ ಕುಮಟೆಗೆ ಎತ್ತಿನಗಾಡಿ ಹೊಡೀತಿದ್ದವರು. ಈಗಿನ ದೇವಿಮನೆ ಘಟ್ಟದ ರಸ್ತೆ ಪೂರ್ತಿ ಹಳೇದಲ್ಲ, ಎಷ್ಟೋ ಕಡೆ ದಾರಿ ಬೇರೆನೇ ಇತ್ತು ಅಂತಿದ್ರು. ಅದನ್ನ ಹುಡುಕೋಕೆ ಯಾವ ನಕ್ಷೆ ಬೇಕು, ಎಲ್ಲಿ ಸಿಗತ್ತೆ ಸರ್? (ಶಿರಸಿಯಿಂದ)

ಉತ್ತರ: ಅಜ್ಜ ಹೇಳಿದ್ದು ನಂಬೋ ಮಾತೇ. ಘಟ್ಟದ ರಸ್ತೆ ಯಾವ್ದೂ ಒಂದೇ ಜಾಗದಲ್ಲಿ ಕೂತಿಲ್ಲ, ಲಾರಿ ಬಂದಾಗ ತಿರುವು ಅಗಲ ಆಯ್ತು, ಧರೆ ಕುಸಿದಾಗ ಪಕ್ಕದಲ್ಲಿ ಹೊಸದಾಗಿ ಕಡಿದ್ರು, ಸೇತುವೆ ಕಟ್ಟಿದಾಗ ಹಳ್ಳ ದಾಟೋ ಜಾಗವೇ ಬದಲಾಯ್ತು, ಹೀಗಾಗಿ ಈಗಿನ ಟಾರ್ ರಸ್ತೆಯ ಆಚೆ ಈಚೆ ಹಳೇದು ತುಂಡು ತುಂಡಾಗಿ ಉಳ್ಕೊಂಡಿರತ್ತೆ. ಅದನ್ನ ಹಿಡಿಯೋಕೆ ಒಂದು ನಕ್ಷೆ ಸಾಲಲ್ಲ. ಬೇರೆ ಬೇರೆ ಕಾಲದ ಎರಡು ಮೂರು ಬೇಕು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಗೆರೆ ಯಾವ್ದು ಅಂತ ನೋಡ್ತಾ ಹೋಗೋದೇ ಅರ್ಧ ಕೆಲಸ.

ಮೊದಲು ಸರ್ವೆ ಆಫ್ ಇಂಡಿಯಾದ ಟೋಪೋ ಶೀಟ್, ಅಂದ್ರೆ ಗುಡ್ಡ, ಹಳ್ಳ, ದಾರಿ ಎಲ್ಲ ಅಳೆದು ಹಾಕಿದ ಸರ್ಕಾರಿ ನಕ್ಷೆ ಹಾಳೆ, ಅದರ ನಂಬರ್ ತಿಳ್ಕೊಳ್ಳಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ದೊಡ್ಡ ಭಾಗ 48 ಜೆ ಅನ್ನೋ ಚೌಕದಲ್ಲಿ ಬರತ್ತೆ, ಅದನ್ನ ಮತ್ತೆ ಹದಿನಾರು ಹಾಳೆ ಮಾಡಿದಾರೆ. ಶಿರಸಿ ಪೇಟೆ 48 ಜೆ/14, ಕುಮಟಾ 48 ಜೆ/7, ಯಲ್ಲಾಪುರ 48 ಜೆ/9, ಕಾರವಾರ 48 ಜೆ/1. ನಿಮಗೆ ನಡುವಿನ 10 ಮತ್ತು 11ನೇ ಹಾಳೆನೂ ಬೇಕಾಗತ್ತೆ, ಘಟ್ಟ ಇರೋದೇ ಅಲ್ಲಿ. ಇಂದಿನ 1:50,000 ಹಾಳೆಗಳು ಸರ್ವೆ ಆಫ್ ಇಂಡಿಯಾದ ಆನ್‌ಲೈನ್ ಪೋರ್ಟಲ್‌ನಲ್ಲಿ ಓಪನ್ ಸೀರೀಸ್ ಅಂತ ಸಿಗ್ತವೆ, ಆದ್ರೆ ಗಮನ ಇರ್ಲಿ, ಅವಕ್ಕೆ ಹೊಸ ನಂಬರ್ ಪದ್ಧತಿ, 48 ಜೆ ಅಂತ ಹುಡುಕಿದ್ರೆ ನೇರ ಸಿಗಲ್ಲ, ಊರಿನ ಹೆಸರಿಂದ ಹುಡುಕಿ.

ಹಳೇದು ಬೇಕಂದ್ರೆ ಎರಡು ಒಳ್ಳೇ ದಾರಿ ಇವೆ. ಒಂದು, ಅಮೆರಿಕದ ಸೇನೆಯ ಮ್ಯಾಪ್ ವಿಭಾಗ 1950ರ ದಶಕದಲ್ಲಿ ಭಾರತದ ಸರ್ವೆ ಹಾಳೆಗಳನ್ನೇ ಆಧಾರ ಇಟ್ಕೊಂಡು ಮಾಡಿದ ಯು502 ಸರಣಿ, ಟೆಕ್ಸಸ್ ವಿಶ್ವವಿದ್ಯಾಲಯದ ಲೈಬ್ರರಿ ಅದನ್ನ ಪೂರ್ತಿ ಉಚಿತವಾಗಿ ಇಟ್ಟಿದೆ. ಅಳತೆ 1:2,50,000, ಅಂದ್ರೆ ನಕ್ಷೆ ಮೇಲೆ ಒಂದು ಸೆಂಟಿಮೀಟರ್ ನೆಲದಲ್ಲಿ ಎರಡೂವರೆ ಕಿಲೋಮೀಟರ್, ಹಾಗಾಗಿ ಸಣ್ಣ ತಿರುವು ಕಾಣಲ್ಲ, ಆದ್ರೆ ಯಾವ ಊರಿಂದ ಯಾವ ಊರಿಗೆ ದಾರಿ ಇತ್ತು ಅನ್ನೋದು ಚೆನ್ನಾಗಿ ಕಾಣತ್ತೆ. ಇನ್ನೊಂದು, ಒಂದಿಂಚಿಗೆ ಒಂದು ಮೈಲಿಯ ಹಳೇ ಹಾಳೆ, ಅಂದ್ರೆ 1:63,360. ಇದು ಸಿಕ್ಕಿದ್ರೆ ಬಂಗಾರ, ಗಾಡಿದಾರಿ, ಹೇರೆತ್ತಿನ (ಬೆನ್ನ ಮೇಲೆ ಚೀಲ ಹೊರೋ ಎತ್ತಿನ) ದಾರಿ, ಕಾಲುದಾರಿ ಮೂರಕ್ಕೂ ಬೇರೆ ಬೇರೆ ಥರ ಗೆರೆ ಹಾಕಿರ್ತಾರೆ. ಕರಾವಳಿಯ ಹಾಳೆಗಳು ಬಹಳ ಕಾಲ ನಿರ್ಬಂಧದಲ್ಲಿ ಇದ್ದಿದ್ರಿಂದ ನಮ್ಮ ಕಡೆ ಜನರ ಹತ್ರ ಇವು ಕಮ್ಮಿ, ಹಳೇ ಕಾಲೇಜುಗಳ ಭೂಗೋಳ ವಿಭಾಗದ ಕಪಾಟಿನಲ್ಲಿ ಒಮ್ಮೆ ಕೇಳಿ ನೋಡಿ.

ಇನ್ನು ಎಲ್ಲರೂ ಮರೆಯೋದು ನಮ್ಮದೇ ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಸರ್ವೆ ನಂಬರ್ ಗಡಿಗಳ ನಡುವೆ ಬಂಡಿದಾರಿ, ಕಾಲುದಾರಿ ಗೆರೆ ಅದರಲ್ಲಿರತ್ತೆ, ಎಷ್ಟೋ ಕಡೆ ದಾರಿ ನೆಲದ ಮೇಲೆ ಅಳಿಸಿ ಹೋದ್ರೂ ಕಾಗದದ ಮೇಲೆ ಹಾಗೇ ಕೂತಿದೆ. ಯಾವ ಸರ್ವೆ ನಂಬರಲ್ಲಿ ನಿಂತಿದೀರಿ ಅಂತ ನೋಡೋಕೆ ದಿಶಾಂಕ್ ಆ್ಯಪ್ ಸಾಕು.

ನಕ್ಷೆ ಜೊತೆಗೆ 1883ರ ಕೆನರಾ ಗೆಝೆಟಿಯರ್ ಓದಿ, ಜಿಲ್ಲೆಯ ವಿವರ ಬರೆದ ಸರ್ಕಾರಿ ಪುಸ್ತಕ ಅದು, ಮುಂಬಯಿ ಪ್ರಾಂತ್ಯದವರು ತಂದಿದ್ದು, ನೆಟ್‌ನಲ್ಲಿ ಪುಕ್ಕಟೆ ಇದೆ. ವ್ಯಾಪಾರದ ಅಧ್ಯಾಯದಲ್ಲಿ ಆಗಿನ ರಸ್ತೆ, ಘಟ್ಟಗಳ ವಿವರ ಸಿಗತ್ತೆ.

ಪ್ರಶ್ನೆ: ಹಳೇ ನಕ್ಷೆಯ ಫೋಟೋನ ಮೊಬೈಲ್ ಮ್ಯಾಪ್ ಮೇಲೆ ಕೂರಿಸಿದೆ. ರಸ್ತೆ ಹಳ್ಳದ ನಡುವೆ ಹೋದಂಗೆ ತೋರಿಸ್ತಿದೆ. ನಕ್ಷೆನೇ ತಪ್ಪಾ? (ಹುಬ್ಬಳ್ಳಿಯಿಂದ)

ಉತ್ತರ: ನಕ್ಷೆ ತಪ್ಪಿಲ್ಲ, ಭೂಮಿಯ ಆಕಾರ ಲೆಕ್ಕ ಹಾಕಿದ ರೀತಿ ಬೇರೆ. ಹಳೇ ಸರ್ವೆ ಹಾಳೆಗಳು ಎವರೆಸ್ಟ್ ಅನ್ನೋ ಗೋಳದ ಲೆಕ್ಕದ ಮೇಲೆ ಇವೆ, ನಿಮ್ಮ ಫೋನಿನ ಜಿಪಿಎಸ್ ಡಬ್ಲ್ಯುಜಿಎಸ್ 84 ಅನ್ನೋ ಹೊಸ ಲೆಕ್ಕದ ಮೇಲೆ. ಹಳೇ ಹಾಳೆ ಅಂಚಿನ ಅಕ್ಷಾಂಶ ರೇಖಾಂಶವನ್ನ ಹಾಗೇ ಹೊಸ ಲೆಕ್ಕಕ್ಕೆ ಕೂರಿಸಿದ್ರೆ ನಮ್ಮ ಭಾಗದಲ್ಲಿ ನೂರರಿಂದ ಇನ್ನೂರು ಮೀಟರ್ ಸರಿಯತ್ತೆ. ಘಟ್ಟದಲ್ಲಿ ಇನ್ನೂರು ಮೀಟರ್ ಅಂದ್ರೆ ಗುಡ್ಡದ ಈ ಮಗ್ಗುಲಿಂದ ಆ ಮಗ್ಗುಲು. ಅದಕ್ಕೆ ಅಂಚಿನ ಅಂಕಿ ನಂಬೋ ಬದಲು ಅಂದಿಗೂ ಇಂದಿಗೂ ಬದಲಾಗದ ಗುರುತು ಹಿಡಿದು ಕೂರಿಸಿ, ಹಳೇ ದೇವಸ್ಥಾನ, ಎರಡು ಹಳ್ಳ ಸೇರೋ ಜಾಗ, ನಕ್ಷೆಯಲ್ಲಿ ತ್ರಿಕೋನ ಗುರುತು ಹಾಕಿರೋ ಗುಡ್ಡದ ತುದಿ, ಹಳೇ ಕೆರೆ ಏರಿ. ರಸ್ತೆ ಕೂಡೋ ಜಾಗ ಮಾತ್ರ ಬೇಡವೇ ಬೇಡ, ನೀವು ಹುಡುಕ್ತಿರೋದೇ ರಸ್ತೆ ಎಲ್ಲಿ ಸರಿದಿದೆ ಅಂತ ಅಲ್ವಾ. ಇಂಥ ಗುರುತು ನಾಲ್ಕು ಮೂಲೆಗೂ ನಡುವಿಗೂ ಹರಡಿ ಹತ್ತಾದ್ರೂ ಇಟ್ಟು ಕ್ಯೂಜಿಐಎಸ್ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ಹೊಂದಿಸಿದ್ರೆ ಚೆನ್ನಾಗಿ ಕೂರತ್ತೆ. ನದಿ ದಂಡೆ, ಅಳಿವೆ, ಸಮುದ್ರದ ಅಂಚು ಗುರುತಿಗೆ ಹಿಡೀಬೇಡಿ, ಅವು ಸರೀತಾನೇ ಇರ್ತವೆ.

ಇಷ್ಟೆಲ್ಲ ಮಾಡಿದ್ರೂ ಅಂದಿನ ಸರ್ವೆಯವರು ದಟ್ಟ ಕಾಡಿನ ಕಾಲುದಾರಿಯನ್ನ ಅಂದಾಜಲ್ಲಿ ಎಳೆದಿರಬಹುದು, ಹಾಗಾಗಿ ಗೆರೆಯ ಎರಡೂ ಕಡೆ ಐವತ್ತು ಮೀಟರ್ ಕಣ್ಣಾಡಿಸಿ.

ಪ್ರಶ್ನೆ: ಕೈಗಾ, ಅರಬೈಲು ಘಟ್ಟದ ರಸ್ತೆ ಹತ್ತಿ ಸಾಗಿಸೋಕೆ ಅಂತಲೇ ಮಾಡಿದ್ದು ಅಂತ ಕೇಳಿದೀನಿ, ಹೌದಾ? (ಕಾರವಾರದಿಂದ)

ಉತ್ತರ: ಹತ್ತಿಯ ಪಾಲು ದೊಡ್ಡದಿದೆ. ಆದ್ರೆ ದಾರಿ ಅದಕ್ಕಿಂತ ಹಳೇದು, ಗಾಡಿರಸ್ತೆ ಆಗೋ ಮೊದಲೂ ಜನ, ಎತ್ತು ಓಡಾಡ್ತಿದ್ದ ದಾರಿ ಅದು. ಟಿಪ್ಪು ಬಿದ್ದ ಮೇಲೆ ಕಂಪನಿ ಸರ್ಕಾರ ಕಳಿಸಿದ ಫ್ರಾನ್ಸಿಸ್ ಬುಕನನ್ 1801ರಲ್ಲಿ ಸದಾಶಿವಗಡದಿಂದ ಕದ್ರಾ ಮೇಲೆ ಹಾಯ್ದು ಯಲ್ಲಾಪುರಕ್ಕೆ ಘಟ್ಟ ಹತ್ತಿದಾನೆ. ಆಮೇಲೆ 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗೆ ಹತ್ತಿ ನಿಂತುಹೋಯ್ತು, ಎಲ್ಲರ ಕಣ್ಣೂ ಧಾರವಾಡ ಸೀಮೆಯ ಹತ್ತಿ ಮೇಲೆ ಬಿತ್ತು, ಅದನ್ನ ಹಡಗಿಗೆ ಹಾಕೋಕೆ ಹತ್ತಿರದ ಬಂದರು ಅಂದ್ರೆ ಕಾರವಾರ, ಕುಮಟಾ. 1862ರಲ್ಲಿ ಉತ್ತರ ಕನ್ನಡವನ್ನ ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಬಂದರಿನ, ಹತ್ತಿಯ ಒತ್ತಡವೇ ಇತ್ತು. ಕುಮಟಾ ಬಂದರಿನ ಹೆಸರಲ್ಲೇ ಒಂದು ಜಾತಿಯ ಹತ್ತಿ ಲಿವರ್‌ಪೂಲ್ ಪೇಟೆಯಲ್ಲಿ ಮಾರಾಟ ಆಗ್ತಿತ್ತು.

ಇಷ್ಟು ದುಡ್ಡು ಸುರಿದ ದಾರಿಗಳು ಆಮೇಲೆ ಯಾಕೆ ಸೊರಗಿದ್ವು ಅಂದ್ರೆ ರೈಲು. 1880ರ ದಶಕದ ಕೊನೆಗೆ ಕ್ಯಾಸಲ್‌ರಾಕ್ ಮೂಲಕ ಮುರಗಾಂವ್ ಬಂದರಿಗೆ ರೈಲು ಬಂತು, ಹುಬ್ಬಳ್ಳಿ ಧಾರವಾಡದ ಸರಕು ಆ ಕಡೆ ತಿರುಗ್ತು, ನಮ್ಮ ಬಂದರು ಬರಿದಾದ್ವು. ಉಪ್ಪು, ಒಣಮೀನು, ಅಡಿಕೆ, ಅಕ್ಕಿಯ ಗಾಡಿ ಮಾತ್ರ ಉಳೀತು. ನಕ್ಷೆ ನೋಡುವಾಗ ಇದು ತಲೇಲಿದ್ರೆ ದೊಡ್ಡ ಖರ್ಚಿನ ಕಲ್ಲುಮೋರಿ ಈಗ ಯಾರೂ ಹೋಗದ ಕಾಡಿನ ನಡುವೆ ಯಾಕಿದೆ ಅನ್ನೋದು ಅರ್ಥ ಆಗತ್ತೆ.

ಪ್ರಶ್ನೆ: ನಾನು ಡಿಗ್ರಿ ಓದ್ತಿದೀನಿ. ನಮ್ಮನೆ ಹಿಂದಿನ ಬೆಟ್ಟದಲ್ಲಿ ಅಗಲವಾದ ದಾರಿ ಥರದ್ದು ಒಂದಿದೆ. ಹಳೇ ರಸ್ತೆನೋ, ದನ ಓಡಾಡಿದ್ದೋ, ನಾಟಾ ಲಾರಿ ದಾರಿನೋ ಹೇಗೆ ಗೊತ್ತಾಗತ್ತೆ? (ಕುಮಟಾದಿಂದ)

ಉತ್ತರ: ತಂಗಿ, ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಇದೇ. ದಾರಿ ನೋಡಿದ ಕೂಡ್ಲೇ ಕೇಳ್ಬೇಕಾದ್ದು ಒಂದೇ, ಇಲ್ಲಿ ಯಾರು, ಏನು ಹೊತ್ಕೊಂಡು ಹೋಗ್ತಿದ್ರು? ದಾರಿಯ ಮೈ ಪೂರ್ತಿ ಅದರ ಮೇಲೆ ನಿಂತಿದೆ.

ಗಾಡಿ ಆಗಿದ್ರೆ ಏರು ಸೌಮ್ಯ ಇರಲೇಬೇಕು. ಹೇರಿದ ಗಾಡಿ ಎಳೆಯೋ ಎತ್ತಿಗೆ ಇಪ್ಪತ್ತು ಅಡಿ ನಡೆದ್ರೆ ಒಂದಡಿ ಏರು ಅನ್ನೋದು ರಸ್ತೆ ಇಂಜಿನಿಯರುಗಳ ಹಳೇ ಲೆಕ್ಕ, ಅದಕ್ಕಿಂತ ಬಹಳ ಕಡಿದಾದ್ರೆ ಎತ್ತಿನ ಉಸಿರು ಹೋಗತ್ತೆ, ಇಳಿಯುವಾಗ ಗಾಡಿ ಎತ್ತಿನ ಮೇಲೇ ಬೀಳತ್ತೆ. ಹಾಗಾಗಿ ಗಾಡಿರಸ್ತೆ ಗುಡ್ಡದ ಮಗ್ಗುಲಲ್ಲಿ ಸುತ್ತಿ ಸುತ್ತಿ ಒಂದೇ ಹದದಲ್ಲಿ ಏರತ್ತೆ, ತಿರುವಿನಲ್ಲಿ ಜಾಗ ಅಗಲ ಬಿಟ್ಟಿರ್ತಾರೆ. ಮೇಲ್ಗಡೆ ಧರೆ ಕಡಿದಿದ್ದು ಕಾಣತ್ತೆ, ಕೆಳಗಡೆ ಗಾರೆ ಇಲ್ಲದೆ ಒಣಕಲ್ಲು ಜೋಡಿಸಿ ಕಟ್ಟಿದ ಗೋಡೆ ಇರತ್ತೆ, ಎಲೆ ಕೆದರಿ ನೋಡಬೇಕು. ಧರೆ ಬುಡದಲ್ಲಿ ಚರಂಡಿಯ ಗುಂಡಿ ಉದ್ದಕ್ಕೂ ಇರತ್ತೆ. ಸಣ್ಣ ಹಳ್ಳ ಅಡ್ಡ ಬಂದಲ್ಲಿ ಚಿರೆಕಲ್ಲಿನದ್ದೋ ಚಪ್ಪಡಿ ಹಾಸಿದ್ದೋ ಮೋರಿ. ನಮ್ಮ ಮಳೆಗೆ ಮೋರಿ ಇಲ್ಲದ ರಸ್ತೆ ಬಾಳಲ್ಲ, ಅದಕ್ಕೆ ಮೋರಿ ಸಿಕ್ತು ಅಂದ್ರೆ ಅದು ಯಾರೋ ಲೆಕ್ಕ ಹಾಕಿ ಕಟ್ಟಿದ ರಸ್ತೆ, ಅನುಮಾನ ಬೇಡ. ಚಿರೆಕಲ್ಲಿನ ಹಾಸು ನೆಲದ ಮೇಲೆ ಹಾದುಹೋಗಿದ್ರೆ ಕಬ್ಬಿಣದ ಪಟ್ಟಿಯ ಗಾಲಿ ಕೊರೆದ ಎರಡು ಗೆರೆ ಸಮ ಅಂತರದಲ್ಲಿ ಕಾಣ್ತವೆ, ಮಳೆ ಬಂದು ಬಿಟ್ಟ ಕೂಡ್ಲೇ ನೀರು ನಿಂತಾಗ ನೋಡು, ಎದ್ದು ಕಾಣತ್ತೆ. ದಾರಿ ಎರಡೂ ಬದಿ ದೊಡ್ಡ ಮಾವು, ಆಲ ಒಂದೇ ಸಾಲಲ್ಲಿ ಇದ್ರೆ ಅದು ನೆಟ್ಟಿದ್ದು, ಕಾಡು ತಾನಾಗಿ ಸಾಲಲ್ಲಿ ಬೆಳೆಯಲ್ಲ.

ಹೇರೆತ್ತಿನ ದಾರಿ ಪೂರ್ತಿ ಬೇರೆ ಜಾತಿ. ಬೆನ್ನ ಮೇಲೆ ಚೀಲ ಹೊತ್ತ ಎತ್ತಿಗೆ ಗಾಲಿ ಇಲ್ಲ, ಸಪಾಟು ಬೇಕಿಲ್ಲ, ಅದು ಗುಡ್ಡದ ಮೂಗು ಹಿಡಿದು ನೇರ ಏರತ್ತೆ, ಹಳ್ಳ ತಪ್ಪಿಸತ್ತೆ ಯಾಕಂದ್ರೆ ಸೇತುವೆ ಇಲ್ಲ. ನೂರಾರು ವರ್ಷ ಗೊರಸು ಬಿದ್ದು, ಸಡಿಲಾದ ಮಣ್ಣು ಮಳೆಗೆ ಹೋಗಿ, ದಾರಿ ಆಳಕ್ಕೆ ಇಳಿದಿರತ್ತೆ, ಕೆಲವು ಕಡೆ ಒಳಗೆ ನಿಂತ್ರೆ ಎರಡೂ ಬದಿ ಮಣ್ಣು ತಲೆ ಮಟ್ಟಕ್ಕೆ. ಅಗಲ ಕಮ್ಮಿ, ಮೋರಿ ಇಲ್ಲ, ತೀರಾ ಕಡಿದಾದಲ್ಲಿ ಕಲ್ಲಿನ ಮೆಟ್ಟಿಲು. ಘಟ್ಟದ ನಿಜವಾದ ಹಳೇ ದಾರಿಗಳು ಇವೇ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ಶರಾವತಿ ಮೇಲೆ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ, ಕಾಳುಮೆಣಸು ಹೊಳೆ ಬಂದರಿಗೆ ಇಳೀತಿದ್ದ ಸೀಮೆ ಅದು, ಗಾಡಿರಸ್ತೆ ಬರೋಕೆ ಇನ್ನೂ ಇನ್ನೂರು ವರ್ಷದ ಮೇಲೆ ಬೇಕಿತ್ತು. ನಕ್ಷೆಯಲ್ಲಿ ಗಾಡಿರಸ್ತೆ ಸುತ್ತು ಹೊಡೆಯೋ ಜಾಗದಲ್ಲಿ ಅದನ್ನ ಅಲ್ಲಲ್ಲಿ ಅಡ್ಡ ಕತ್ತರಿಸಿ ನೇರ ಹೋಗೋ ಚುಕ್ಕಿ ಗೆರೆ ಕಂಡ್ರೆ ಸುಮ್ನೆ ಬಿಡಬೇಡ, ಎಷ್ಟೋ ಸಲ ಅದೇ ಹಿರಿಯಣ್ಣ.

ನಾಟಾ ದಾರಿ, ನಮ್ಮಲ್ಲಿ ಕೂಪು ರಸ್ತೆ ಅಂತಾರಲ್ಲ, ಅದು ಎರಡೂರು ಸೇರಿಸಲ್ಲ. ಮುಖ್ಯ ರಸ್ತೆಯಿಂದ ಕವಲೊಡೆದು ಕಾಡೊಳಗೆ ಹೋಗಿ ದಿಮ್ಮಿ ಪೇರಿಸೋ ಒಂದು ಸಪಾಟು ಜಾಗದಲ್ಲಿ ಮುಗಿದುಹೋಗತ್ತೆ. ಕಲ್ಲುಕಟ್ಟಣೆ ಇರಲ್ಲ, ಧರೆಯನ್ನ ಯಂತ್ರ ಒರಟಾಗಿ ಕೆರೆದಿರತ್ತೆ. ದನದ ದಾರಿ ಅಂದ್ರೆ ನೂಲಿನೆಳೆ ಥರ ಹತ್ತಾರು ಸಣ್ಣ ದಾರಿ ಅಕ್ಕಪಕ್ಕ, ನೀರಿನ ಕಡೆಗೆ ಸೇರ್ತವೆ.

ಎಲ್ಲಕ್ಕಿಂತ ಮೊದಲು ಮನೆಯ ಹಿರಿಯರನ್ನ, ಹಾಲಕ್ಕಿ ಕೇರಿಯವರನ್ನ, ದನ ಮೇಯಿಸೋರನ್ನ ಕೇಳು. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಕೋಲು ನಿಲ್ಲಿಸು, ಅಳತೆ ಸಿಗತ್ತೆ. ಕಲ್ಲು ಕೀಳಬೇಡ, ಮೈಲಿಗಲ್ಲು ಮನೆಗೆ ತರಬೇಡ.

ಪ್ರಶ್ನೆ: ಹಳೇ ನಕ್ಷೆಯಲ್ಲಿ ಸೂಪಾ ಪೇಟೆಯಿಂದ ನಾಲ್ಕೂ ಕಡೆ ರಸ್ತೆ ಇದೆ, ಕೆಲವು ಈಗ ಕಾಳಿ ಹುಲಿ ಕಾಡಿನ ಒಳಗೆ. ಗೆಳೆಯರು ಸೇರಿ ನಡೆದು ನೋಡ್ಬಹುದಾ? (ಜೋಯಿಡಾದಿಂದ)

ಉತ್ತರ: ಅನುಮತಿ ಇಲ್ಲದೆ ಬೇಡ, ಇದನ್ನ ನೇರವಾಗೇ ಹೇಳ್ತೀನಿ. ದಾಂಡೇಲಿ ಅಭಯಾರಣ್ಯ 1956ರದ್ದು, ಅಣಶಿ ರಾಷ್ಟ್ರೀಯ ಉದ್ಯಾನ 1987ರದ್ದು, ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು, 2015ರಲ್ಲಿ ಕಾಳಿ ಅಂತ ಹೆಸರಿಟ್ರು. 1972ರ ವನ್ಯಜೀವಿ ಕಾಯ್ದೆಯ 27ನೇ ಕಲಂ ಪ್ರಕಾರ ಇಂಥ ಕಾಡೊಳಗೆ ಪರವಾನಗಿ ಇಲ್ಲದೆ ಹೊರಗಿನವರು ಹೋಗೋ ಹಾಗಿಲ್ಲ, 28ನೇ ಕಲಂ ಅಧ್ಯಯನ, ಫೋಟೋಗ್ರಫಿ, ಪ್ರವಾಸದಂಥ ಉದ್ದೇಶಕ್ಕೆ ಪರವಾನಗಿ ಕೊಡೋ ಅವಕಾಶ ಇಟ್ಟಿದೆ. ಹಳೇ ನಕ್ಷೆಯಲ್ಲಿ ಸಾರ್ವಜನಿಕ ರಸ್ತೆ ಅಂತ ಇತ್ತು ಅನ್ನೋದು ಇವತ್ತು ಒಳಗೆ ಹೋಗೋಕೆ ಹಕ್ಕು ಕೊಡಲ್ಲ. ಏನು ನೋಡ್ಬೇಕು, ಯಾವ ಗೆರೆ, ಎಷ್ಟು ಜನ, ಯಾಕೆ ಅಂತ ನಕ್ಷೆ ಲಗತ್ತಿಸಿ ಅರ್ಜಿ ಬರೀರಿ, ಇಲಾಖೆಯವರ ಜೊತೆಗೇ ಹೋಗಿ. ಒಳ್ಳೇ ಗಾರ್ಡ್ ಒಬ್ಬರು ಜೊತೆಗಿದ್ರೆ ಹತ್ತು ನಕ್ಷೆಗೆ ಸಮ, ಅವರು ದಿನಾ ನಡೆಯೋ ದಾರಿ ಅದು.

ಇನ್ನು ಸೂಪಾ. ಕಾಳಿ, ಪಾಂಡ್ರಿ ಸೇರೋ ಜಾಗದಲ್ಲಿದ್ದ ಆ ಪೇಟೆ ಅಣೆಕಟ್ಟಿನ ನೀರಲ್ಲಿ ಮುಳುಗಿ ತಾಲೂಕು ಕಚೇರಿ ನಿಮ್ಮೂರಿಗೆ ಬಂತು, 101 ಮೀಟರ್ ಎತ್ತರದ ಕಟ್ಟೆ 1987ರಲ್ಲಿ ಕೆಲಸಕ್ಕೆ ಬಂತು. ಅಲ್ಲಿಗೆ ಹೋಗೋ ರಸ್ತೆಗಳು ಹಿನ್ನೀರಿನ ಅಂಚಿಗೆ ಬಂದು ಒಳಗೆ ಇಳಿದುಬಿಡ್ತವೆ. ಇಂಥ ಕಡೆ ಕಾಲಿಡದೆನೇ ಎಷ್ಟೋ ಕೆಲಸ ಮಾಡ್ಬಹುದು, 1950ರ ದಶಕದ ಹಾಳೆ ಮೇಲೆ ಇಂದಿನ ಉಪಗ್ರಹ ಚಿತ್ರ ಇಟ್ಟು ಯಾವ ಊರು, ಯಾವ ದಾರಿ, ಯಾವ ದೇವಸ್ಥಾನ ನೀರೊಳಗೆ ಹೋಯ್ತು ಅಂತ ಗುರುತು ಹಾಕಿ. ಸೂಪಾದಿಂದ ಎದ್ದು ಬಂದ ಮನೆತನಗಳು ನಿಮ್ಮ ಸುತ್ತಮುತ್ತನೇ ಇದಾರೆ, ಆ ನಕ್ಷೆ ಅವರ ಮುಂದೆ ಹಾಸಿ, ಅವರೇ ಬೆರಳಿಟ್ಟು ತೋರಿಸ್ತಾರೆ.

ಪ್ರಶ್ನೆ: ಯಾವ ತಿಂಗಳು ಬಂದ್ರೆ ಒಳ್ಳೇದು? (ಬೆಂಗಳೂರಿಂದ)

ಉತ್ತರ: ಮಳೆಗಾಲ ಬೇಡ, ಉಂಬಳಕ್ಕಿಂತ ಧರೆ ಕುಸಿತದ ಭಯ ದೊಡ್ಡದು, 2024ರ ಜುಲೈಯಲ್ಲಿ ಅಂಕೋಲಾದ ಶಿರೂರಲ್ಲಿ ಆಗಿದ್ದು ಎಲ್ಲರ ಕಣ್ಣ ಮುಂದಿದೆ. ಮಳೆ ಪೂರ್ತಿ ನಿಂತ ಮೇಲೆ ನವೆಂಬರ್ ಚೆನ್ನ. ಡಿಸೆಂಬರಿಂದ ಮೇ ತನಕ ಮಂಗನ ಕಾಯಿಲೆ ಹರಡೋ ಉಣುಗಿನ ಕಾಲ, ಸಿದ್ದಾಪುರ ಕಡೆ ಹೋಗೋದಾದ್ರೆ ಮೊದಲು ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಕೇಳಿ, ಮೈತುಂಬ ಬಟ್ಟೆ ಹಾಕಿ, ಉಣುಗು ಹತ್ತದಂತೆ ಹಚ್ಚೋ ಎಣ್ಣೆ ಸವರಿ, ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ಅವರಿಗೆ ತಿಳಿಸಿ.

ಪ್ರಶ್ನೆ: ನಮ್ಮ ಬೈಕ್ ಗುಂಪು ಒಂದು ಹಳೇ ಗಾಡಿರಸ್ತೆ ಜೆಸಿಬಿ ತಂದು ಕ್ಲೀನ್ ಮಾಡಿ ರೈಡ್ ಇಡೋಣ ಅಂತಿದೆ. ರಸ್ತೆಗೆ ಮತ್ತೆ ಜೀವ ಬರತ್ತಲ್ವಾ? (ಹುಬ್ಬಳ್ಳಿಯಿಂದ)

ಉತ್ತರ: ಬರಲ್ಲ, ಇರೋ ಜೀವ ಹೋಗತ್ತೆ. ಒಂದು ದಿನದ ಜೆಸಿಬಿ ಕೆಲಸಕ್ಕೆ ಒಣಕಲ್ಲಿನ ಗೋಡೆ, ಮೋರಿಯ ಚಪ್ಪಡಿ, ಗಾಲಿಯ ಗೆರೆ ಎಲ್ಲ ಮಣ್ಣಾಗತ್ತೆ, ಬೇರು ಹಿಡಿದಿದ್ದ ಧರೆ ಸಡಿಲ ಆಗಿ ಮುಂದಿನ ಮಳೆಗೆ ಕೆಳಗಿನ ತೋಟಕ್ಕೆ ಇಳಿಯತ್ತೆ. ಮೀಸಲು ಅರಣ್ಯ ಆಗಿದ್ರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಕೇಸೂ ಆಗತ್ತೆ. ದಯವಿಟ್ಟು ಬಿಟ್ಟುಬಿಡಿ. ಬೈಕನ್ನ ಟಾರ್ ರಸ್ತೆಯಲ್ಲೇ ಇಟ್ಟು, ಅನುಮತಿ ಇರೋ ಜಾಗದಲ್ಲಿ ನಡೆದು ನೋಡಿ.

ಪ್ರಶ್ನೆ: ನನಗೆ ಎಂಬತ್ತರ ಹತ್ರ ವಯಸ್ಸು, ಮೊಮ್ಮಗ ಬರೆದು ಕೊಡ್ತಿದಾನೆ. ಚಿಕ್ಕವಳಿದ್ದಾಗ ಅಬ್ಬೆ ಜೊತೆ ವಡ್ಡಿ ಘಟ್ಟ ಹತ್ತಿ ಒಣಮೀನು, ಉಪ್ಪು ಹೊತ್ಕೊಂಡು ಶಿರಸಿ ಸೀಮೆಗೆ ಹೋಗ್ತಿದ್ವು, ಬರುವಾಗ ಅಕ್ಕಿ. ನಮಗೆ ನಕ್ಷೆ ಗಿಕ್ಷೆ ತಿಳಿಯಲ್ಲ. ಇದೆಲ್ಲ ಈಗ ಯಾರಿಗಾದ್ರೂ ಬೇಕಾ? (ಅಂಕೋಲಾದಿಂದ)

ಉತ್ತರ: ಬೇಕು ಅಮ್ಮಾ, ನಕ್ಷೆಗಿಂತ ಮೊದಲು ಇದು ಬೇಕು. ಸರ್ವೆಯವರು ಗೆರೆ ಎಳೆದ್ರು, ಆ ಗೆರೆ ಮೇಲೆ ಹೆಂಗಸರು ಮಕ್ಕಳು ತಲೆ ಮೇಲೆ ಹೊರೆ ಹೊತ್ತು ನಡೆದ್ರು ಅಂತ ಯಾವ ಹಾಳೆಯಲ್ಲೂ ಬರೆದಿಲ್ಲ.

ಮೊಮ್ಮಗನಿಗೆ ಹೇಳೋದು ಇಷ್ಟು. ತಮ್ಮಾ, ಅಜ್ಜಿ ಮುಂದೆ ನಕ್ಷೆ ಹಿಡಿದು ಇದು ಎಲ್ಲಿ ಅದು ಎಲ್ಲಿ ಅಂತ ಕೇಳಬೇಡ. ಮನೆ ಬಿಟ್ಟಲ್ಲಿಂದ ನಡೆದ ಹಾಗೇ ಕೇಳ್ತಾ ಹೋಗು, ಬೆಳಗ್ಗೆ ಎಷ್ಟೊತ್ತಿಗೆ ಹೊರಡ್ತಿದ್ರಿ, ಮೊದಲ ನೀರು ಎಲ್ಲಿ ಕುಡೀತಿದ್ರಿ, ಹೊರೆ ಎಲ್ಲಿ ಇಳಿಸ್ತಿದ್ರಿ, ಅಲ್ಲಿ ಕಟ್ಟೆ ಇತ್ತಾ ಮರ ಇತ್ತಾ, ಹಳ್ಳಕ್ಕೆ ಏನಂತ ಕರೀತಿದ್ರಿ, ಎಲ್ಲಿ ಹೆದರಿಕೆ ಆಗ್ತಿತ್ತು, ರಾತ್ರಿ ಯಾರ ಮನೆ ಜಗಲಿ ಮೇಲೆ ಮಲಗ್ತಿದ್ರಿ, ಉಪ್ಪು ಸಾಣಿಕಟ್ಟೆಯದ್ದಾ ಬೇರೆ ಕಡೆದಾ, ಒಂದು ಹೊರೆ ಮೀನಿಗೆ ಎಷ್ಟು ಅಕ್ಕಿ ಬರ್ತಿತ್ತು. ಫೋನಲ್ಲಿ ಧ್ವನಿ ರೆಕಾರ್ಡ್ ಮಾಡು, ನಡುವೆ ಮಾತಾಡಬೇಡ, ಅಜ್ಜಿಗೆ ಸುಸ್ತಾದ್ರೆ ನಿಲ್ಸಿ ಇನ್ನೊಂದು ದಿನ ಮುಂದುವರಿಸು. ಆಮೇಲೆ ನೀರು ಕುಡಿದ ಜಾಗ, ಹೊರೆ ಇಳಿಸಿದ ಜಾಗ ಒಂದೊಂದನ್ನೇ ನೀನು ನಕ್ಷೆ ಮೇಲೆ ಹಾಕು, ಅಂಕೋಲಾ ಕಡೆ 48 ಜೆ/6, ಘಟ್ಟದ ಮೇಲೆ ದೇವನಳ್ಳಿ ಕಡೆ 48 ಜೆ/10, ಎರಡನ್ನೂ ಅಂಟಿಸ್ಕೊಂಡ್ರೆ ವಡ್ಡಿ ಘಟ್ಟ ಪೂರ್ತಿ ಬರತ್ತೆ. ಗೊತ್ತಾಗದ ಹೆಸರು ಇದ್ರೆ ಹಾಗೇ ಬರೆದು ನಮಗೆ ಕಳ್ಸು, ಅಚವೆ ಕಡೆಯ ಓದುಗರು ಇದಾರೆ, ಕೇಳಿ ಹೇಳ್ತೀವಿ.